ತರಬೇತಿ ಮೂರು ಸಲ ಆಯ್ತು, ಪ್ರೊಜೆಕ್ಟರ್ ಮಾತ್ರ ಮೂಲೆಯಲ್ಲೇ ಇದೆ

ಪ್ರಶ್ನೆ: ನಾನು ಒಂದು ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ನಮ್ಮಲ್ಲಿ ಎರಡು ಪ್ರೊಜೆಕ್ಟರ್, ಇಪ್ಪತ್ತು ಟ್ಯಾಬ್ಲೆಟ್, ಬಂದು ಹೋಗುವ ಇಂಟರ್‌ನೆಟ್ ಇದೆ. ಹದಿನಾಲ್ಕು ಶಿಕ್ಷಕರಿಗೆ ಎರಡು ವರ್ಷದಲ್ಲಿ ಮೂರು ಸಲ ತರಬೇತಿ ಕೊಡಿಸಿದೆವು. ಪ್ರತಿ ಸಲ ಎರಡು ದಿನ, ಕೊನೆಗೆ ಪ್ರಮಾಣಪತ್ರ. ಒಂದು ತಿಂಗಳು ಉತ್ಸಾಹ ಇರುತ್ತದೆ, ಆಮೇಲೆ ಎಲ್ಲ ಮೊದಲಿನಂತೆ. ಈಗ ಬಳಸುವವರು ಇಬ್ಬರೇ. ಅವರಲ್ಲಿ ಒಬ್ಬರು ವಿಡಿಯೊ ಹಾಕಿ ಕುಳಿತುಬಿಡುತ್ತಾರೆ. ನಿವೃತ್ತಿಗೆ ಮೂರು ವರ್ಷ ಇರುವ ಗಣಿತ ಮೇಷ್ಟ್ರು 'ನನ್ನ ಸೀಮೆಸುಣ್ಣಕ್ಕೆ ಚಾರ್ಜ್ ಹಾಕೋದು ಬೇಕಿಲ್ಲ' ಅನ್ನುತ್ತಾರೆ. ತಪ್ಪು ಎಲ್ಲಾಗುತ್ತಿದೆ? ತರಬೇತಿ ಹೇಗಿದ್ದರೆ ಅದು ತರಗತಿಯವರೆಗೆ ಬರುತ್ತದೆ?

ಉತ್ತರ: ಸೀಮೆಸುಣ್ಣದ ಮಾತು ಓದಿ ನಕ್ಕೆ. ಆ ಮೇಷ್ಟ್ರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ತಪ್ಪು ನಿಮ್ಮ ಶಿಕ್ಷಕರದ್ದಲ್ಲ ಮೇಡಂ. ಒಂದು ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ 'ಇದನ್ನು ಒತ್ತಿದರೆ ಇದು ಬರುತ್ತೆ' ಅಂತ ತೋರಿಸುವುದಕ್ಕೆ ನಾವು ತರಬೇತಿ ಅಂತ ಹೆಸರಿಟ್ಟಿದ್ದೇವೆ. ಅದು ಬರೀ ಯಂತ್ರದ ಪರಿಚಯ. ನಿಜವಾದ ಕಷ್ಟ ಶುರುವಾಗುವುದು ಶಿಕ್ಷಕರು ತಮ್ಮ ತರಗತಿಗೆ ವಾಪಸ್ ಹೋದ ಮೇಲೆ. ಆ ಹೊತ್ತಿಗೆ ತರಬೇತಿ ಕೊಟ್ಟವರು ಮನೆ ಸೇರಿರುತ್ತಾರೆ.

ಬೇರೆಯವರನ್ನು ದೂರುತ್ತಿಲ್ಲ, ನಾನೂ ಇದನ್ನೇ ಮಾಡಿದವನು. ಕೆಲವು ವರ್ಷಗಳ ಹಿಂದೆ ಅರವತ್ತು ಶಿಕ್ಷಕರಿಗೆ ಒಂದೇ ದಿನದಲ್ಲಿ ಹನ್ನೊಂದು ಆ್ಯಪ್ ಕಲಿಸಿದೆ. ಸಂಜೆ ಅಭಿಪ್ರಾಯದ ಹಾಳೆಗಳಲ್ಲಿ ಎಲ್ಲರೂ 'ತುಂಬಾ ಉಪಯುಕ್ತ' ಅಂತ ಬರೆದಿದ್ದರು. ನನಗೂ ಖುಷಿ. ಎರಡು ತಿಂಗಳ ನಂತರ ಅವರಲ್ಲೊಬ್ಬ ಶಿಕ್ಷಕಿಯನ್ನು ಅವರ ಶಾಲೆಯಲ್ಲೇ ಭೇಟಿಯಾದೆ. ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ನಾನು ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಂಡಿದ್ದರು. 'ಬಲಗಡೆ ಮೇಲಿರುವ ಮೂರು ಚುಕ್ಕಿ ಒತ್ತಬೇಕು. ಆಮೇಲೆ ಎರಡನೇ ಸಾಲು.' ಅಷ್ಟರಲ್ಲಿ ಆ ಆ್ಯಪ್ ಅಪ್‌ಡೇಟ್ ಆಗಿತ್ತು. ಮೂರು ಚುಕ್ಕಿ ಅಲ್ಲಿರಲಿಲ್ಲ. 'ನನ್ನದೇ ಏನೋ ತಪ್ಪಾಗಿರಬೇಕು ಸರ್, ಹುಡುಕಿ ಹುಡುಕಿ ಸಾಕಾಯ್ತು' ಅಂದರು. ಅವರದು ಯಾವ ತಪ್ಪೂ ಇರಲಿಲ್ಲ. ಎಲ್ಲಿ ಒತ್ತಬೇಕು ಅನ್ನುವುದನ್ನು ಹನ್ನೊಂದು ಸಲ ಹೇಳಿದ್ದೆ. ಯಾಕೆ ಒತ್ತಬೇಕು ಅನ್ನುವುದನ್ನು ಒಂದು ಸಲವೂ ಹೇಳಿರಲಿಲ್ಲ.

ಸಾಮಾನು ಕೊಟ್ಟರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ ಅನ್ನುವುದನ್ನು ದೊಡ್ಡ ಮಟ್ಟದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಪೆರು ದೇಶದ ಹಳ್ಳಿಗಾಡಿನ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಲ್ಯಾಪ್‌ಟಾಪ್ ಬಳಕೆಯೇನೋ ಜಾಸ್ತಿಯಾಗಿತ್ತು. ಆದರೆ ಸುಮಾರು 15 ತಿಂಗಳಾದ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಪಾಠ ಮಾಡುವ ರೀತಿ ಬದಲಾಗಿರಲಿಲ್ಲ, ಅಷ್ಟೇ.

ಹಾಗಾದರೆ ಶಿಕ್ಷಕರಿಗೆ ಏನು ಗೊತ್ತಿರಬೇಕು? 1986ರಲ್ಲಿ ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು ಒಂದು ಮಾತು ಹೇಳಿದರು. ವಿಷಯ ಗೊತ್ತಿರುವುದು ಬೇರೆ, ಪಾಠ ಮಾಡಲು ಬರುವುದು ಬೇರೆ. ಇವೆರಡೂ ಸೇರುವ ಜಾಗದಲ್ಲಿ ಮೂರನೆಯದೊಂದು ತಿಳಿವಳಿಕೆ ಇರುತ್ತದೆ. ಈ ವಿಷಯವನ್ನು ಈ ವಯಸ್ಸಿನ ಮಕ್ಕಳಿಗೆ ಹೇಗೆ ಹೇಳಿದರೆ ಅರ್ಥವಾಗುತ್ತದೆ, ಎಲ್ಲಿ ತಪ್ಪು ತಿಳಿಯುತ್ತಾರೆ ಅನ್ನುವುದು ಅದು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಇದಕ್ಕೆ 'ಟಿಪ್ಯಾಕ್' ಅಂತ ಹೆಸರು. ಮೂರು ವೃತ್ತ ಒಂದರ ಮೇಲೊಂದು ಬಿದ್ದಿರುವ ಚಿತ್ರವನ್ನು ನೀವೂ ಯಾವುದಾದರೂ ತರಬೇತಿಯಲ್ಲಿ ನೋಡಿರಬಹುದು. ತಮಾಷೆ ಅಂದರೆ, ಆ ಚಿತ್ರ ತೋರಿಸಿ ಮುಗಿಸಿದ ಮೇಲೆ ಮತ್ತೆ ಒಂದೇ ವೃತ್ತದ ತರಬೇತಿ ನಡೆಯುತ್ತದೆ, ಎಲ್ಲಿ ಒತ್ತಬೇಕು ಅನ್ನುವುದು.

ಆದ್ದರಿಂದ ಮುಂದಿನ ಸಲ ಆ್ಯಪ್‌ಗಳ ಪಟ್ಟಿಯಿಂದ ಶುರು ಮಾಡಬೇಡಿ. ಪ್ರತಿ ಶಿಕ್ಷಕರಿಗೂ ಒಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿ: 'ನಿಮ್ಮ ವಿಷಯದಲ್ಲಿ ಪ್ರತಿ ವರ್ಷವೂ ಮಕ್ಕಳು ಎಡವುವ ಜಾಗ ಯಾವುದು?' ಇದಕ್ಕೆ ಉತ್ತರ ಗೊತ್ತಿಲ್ಲದ ಶಿಕ್ಷಕರನ್ನು ನಾನು ಇದುವರೆಗೆ ನೋಡಿಲ್ಲ. ಕಂಪ್ಯೂಟರ್ ಅಂದರೆ ಮೈ ಮುದುಡಿ ಕೂರುವವರೂ ಈ ಪ್ರಶ್ನೆಗೆ ಬೆನ್ನು ನೆಟ್ಟಗೆ ಮಾಡಿ ಮಾತಾಡುತ್ತಾರೆ. ಯಾಕಂದರೆ ಇಲ್ಲಿ ಅವರೇ ತಜ್ಞರು.

ಚೀಟಿಗಳು ಬಂದ ಮೇಲೆ ಒಂದೊಂದಾಗಿ ನೋಡಿ. ಕೆಲವಕ್ಕೆ ಡಿಜಿಟಲ್ ಸಾಧನ ಬೇಕೇ ಇಲ್ಲ, ಒಂದು ಹಗ್ಗ, ನಾಲ್ಕು ಕಲ್ಲು ಸಾಕು. ಅದನ್ನು ಹಾಗೇ ಹೇಳಿಬಿಡಿ, ಶಿಕ್ಷಕರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಇನ್ನು ಕೆಲವು ಜಾಗಗಳಲ್ಲಿ ಸಾಧನ ನಿಜಕ್ಕೂ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣದ್ದನ್ನು ಕಾಣಿಸಬೇಕಾದಾಗ, ಬೋರ್ಡಿನ ಮೇಲೆ ನಿಂತುಬಿಡುವುದನ್ನು ಅಲ್ಲಾಡಿಸಬೇಕಾದಾಗ, ತನ್ನ ದನಿಯನ್ನೇ ಮಗು ಕೇಳಿಸಿಕೊಳ್ಳಬೇಕಾದಾಗ, ಇಡೀ ತರಗತಿ ಏನು ಯೋಚಿಸುತ್ತಿದೆ ಅಂತ ಒಂದೇ ನಿಮಿಷದಲ್ಲಿ ತಿಳಿಯಬೇಕಾದಾಗ. ಬೋರ್ಡಿನ ಮೇಲೆ ಬರೆದ ತ್ರಿಭುಜ ಒಂದೇ ತ್ರಿಭುಜ. ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ಅದರ ತುದಿ ಹಿಡಿದು ಎಳೆದರೆ ಕೋನಗಳು ಬದಲಾಗುತ್ತಾ ಹೋಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಗೇ ಅಂಟಿಕೊಂಡಿರುತ್ತದೆ. 'ಎಲ್ಲ ತ್ರಿಭುಜಕ್ಕೂ' ಅನ್ನುವ ಮಾತು ಆಗ ಮಗುವಿಗೆ ತಟ್ಟುತ್ತದೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಜ್ಞಾನದ ಶಿಕ್ಷಕರ ಚೀಟಿಯಲ್ಲಿ ಹೆಚ್ಚಾಗಿ ಬರುವುದು ವಿದ್ಯುತ್ ಮಂಡಲ. ಒಂದು ಸೆಲ್, ಒಂದರ ನಂತರ ಒಂದು ಜೋಡಿಸಿದ ಎರಡು ಒಂದೇ ಥರದ ಬಲ್ಬು. ಯಾವುದು ಹೆಚ್ಚು ಬೆಳಗುತ್ತದೆ? ತುಂಬಾ ಮಕ್ಕಳು 'ಮೊದಲನೆಯದು' ಅನ್ನುತ್ತಾರೆ. ಮೊದಲ ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು ಮಾತ್ರ ಅನ್ನುವುದು ಅವರ ಲೆಕ್ಕ. 'ಇಲ್ಲ, ಎರಡರಲ್ಲೂ ಸಮ' ಅಂತ ಹೇಳಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ, ಒಳಗೊಳಗೆ ನಂಬುವುದಿಲ್ಲ. ನಿಜವಾದ ಬಲ್ಬು ಹಚ್ಚಿ ತೋರಿಸೋಣ ಅಂದರೆ ಅಲ್ಲೊಂದು ಫಜೀತಿ. ಅಂಗಡಿಯಿಂದ ತಂದ ಎರಡು ಬಲ್ಬು ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ತುಸು ಹೆಚ್ಚು ಬೆಳಗುತ್ತದೆ. 'ನೋಡಿ ಸರ್, ಹೇಳಿದ್ನಲ್ಲ!' ಅಂತ ತಪ್ಪು ಉತ್ತರಕ್ಕೇ ಸಾಕ್ಷಿ ಸಿಕ್ಕಿಬಿಡುತ್ತದೆ.

ಇಂಥ ಕಡೆ 'ಫೆಟ್' ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ, ಉಪಯೋಗಕ್ಕೆ ಬರುತ್ತದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಉಚಿತ. ಅದರಲ್ಲಿ ತಂತಿಯೊಳಗಿನ ಕಣಗಳು ಓಡುವುದು ಕಾಣುತ್ತದೆ. ಮೊದಲ ಬಲ್ಬಿನ ಮುಂದೆ ಅಳೆದರೂ ಎರಡನೆಯದರ ಹಿಂದೆ ಅಳೆದರೂ ಮೀಟರ್ ಒಂದೇ ಅಂಕಿ ತೋರಿಸುತ್ತದೆ. ಅಲ್ಲೇ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಮ್ಯುಲೇಶನ್ ಬಳಸಿ ಕಲಿತ ಕಾಲೇಜು ವಿದ್ಯಾರ್ಥಿಗಳು ನಿಜವಾದ ತಂತಿ-ಬಲ್ಬು ಬಳಸಿದವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮುಂದಿದ್ದರು. ನಿಜವಾದ ಮಂಡಲ ಜೋಡಿಸುವುದರಲ್ಲೂ ಅವರೇ ಮುಂದಿದ್ದರು. ಇದನ್ನು ಓದಿ ಪ್ರಯೋಗಾಲಯಕ್ಕೆ ಬೀಗ ಹಾಕಬೇಡಿ. ನಿಜವಾದ ಬಲ್ಬನ್ನು ಆಮೇಲೆ ಹಚ್ಚಿ, ಮಕ್ಕಳಿಗೆ ಆಗ ಅದರಲ್ಲಿ ಏನು ನೋಡಬೇಕು ಅನ್ನುವುದು ಗೊತ್ತಿರುತ್ತದೆ.

ಹಾಗಂತ ಸಿಮ್ಯುಲೇಶನ್ ತೆರೆದು ತೋರಿಸಿಬಿಟ್ಟರೆ ಪಾಠ ಆಯಿತು ಅಂತಲ್ಲ. ತರಬೇತಿಯಲ್ಲಿ ಶಿಕ್ಷಕರು ಕಲಿಯಬೇಕಾದ್ದು ತೋರಿಸುವ ಮೊದಲಿನ ಐದು ನಿಮಿಷ. ಮೊದಲು ಪರದೆ ಖಾಲಿ ಇರಲಿ. ಬೋರ್ಡಿನ ಮೇಲೆ ಮಂಡಲದ ಚಿತ್ರ ಬರೆದು ಪ್ರಶ್ನೆ ಕೇಳಿ. ಪ್ರತಿ ಮಗುವೂ ಉತ್ತರ ಬರೆಯಲಿ, ಕೈ ಎತ್ತುವ ನಾಲ್ವರು ಮಾತ್ರ ಅಲ್ಲ. ಆಮೇಲೆ ಪಕ್ಕದವರ ಜೊತೆ ವಾದ ಮಾಡಲಿ. ತರಗತಿ ಎರಡು ಪಾಲಾಗಿ, ಗಲಾಟೆ ಕಾವೇರಿದ ಮೇಲೆ ಸಿಮ್ಯುಲೇಶನ್ ಹಾಕಿ. ಆಗ ಇಡೀ ತರಗತಿಯ ಕಣ್ಣು ಪರದೆಯ ಮೇಲೆ ನೆಟ್ಟಿರುತ್ತದೆ, ಯಾಕಂದರೆ ಪ್ರತಿಯೊಬ್ಬರೂ ಒಂದು ಪಣ ಕಟ್ಟಿದ್ದಾರೆ. ಅದೇ ಸಿಮ್ಯುಲೇಶನ್ ಮೊದಲೇ ತೋರಿಸಿದರೆ 'ಹೂಂ, ಚೆನ್ನಾಗಿದೆ' ಅನ್ನುತ್ತಾರೆ, ಅಷ್ಟೇ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಇದೇ ಧಾಟಿಯಲ್ಲಿ ಪಾಠ ಮಾಡಿ ಹೆಸರಾದವರು. ಪ್ರಶ್ನೆ, ಮತ, ಪಕ್ಕದವರ ಜೊತೆ ಚರ್ಚೆ, ಮತ್ತೆ ಮತ. ಸರಿ ಉತ್ತರ ಸುಮಾರು 30ರಿಂದ 70 ಶೇಕಡಾ ಮಕ್ಕಳಿಂದ ಬಂದರೆ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆಯಾದರೆ ಮತ್ತೆ ವಿವರಿಸಬೇಕು, ಜಾಸ್ತಿಯಾದರೆ ಮುಂದಕ್ಕೆ ಹೋಗಬಹುದು. ಮತ ಹಾಕಲು 'ಕ್ಲಿಕರ್' ಅನ್ನುವ ಪುಟ್ಟ ಯಂತ್ರಗಳು ಬಂದವು. ಆಮೇಲೆ 2008ರಲ್ಲಿ ನಥಾನಿಯಲ್ ಲಾಸ್ರಿ ಎಂಬ ಸಂಶೋಧಕರು ಒಂದು ಹೋಲಿಕೆ ಮಾಡಿದರು. ಒಂದು ಗುಂಪಿಗೆ ಕ್ಲಿಕರ್, ಇನ್ನೊಂದಕ್ಕೆ ಎ, ಬಿ, ಸಿ, ಡಿ ಬರೆದ ರಟ್ಟಿನ ಕಾರ್ಡು. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ತರಬೇತಿ ಕೊಡುವ ಪ್ರತಿಯೊಬ್ಬರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಹಾಗಾದರೆ ಯಂತ್ರದ ಪ್ರಯೋಜನ ಏನು? ಎಣಿಕೆ ತಕ್ಷಣ ಆಗುತ್ತದೆ, ದಾಖಲೆ ಉಳಿಯುತ್ತದೆ, ನಾಚಿಕೆ ಸ್ವಭಾವದ ಮಗು ಯಾರಿಗೂ ಕಾಣದಂತೆ ಉತ್ತರಿಸಬಹುದು. ಸಣ್ಣ ಪ್ರಯೋಜನಗಳೇ, ಆದರೆ ನಿಜವಾದವು. ನಿಮ್ಮಲ್ಲಿ ಇರುವುದು ಇಪ್ಪತ್ತೇ ಟ್ಯಾಬ್. 'ಪ್ಲಿಕರ್ಸ್' ಅನ್ನುವುದೊಂದಿದೆ. ಮಕ್ಕಳ ಕೈಯಲ್ಲಿ ಮುದ್ರಿತ ಕಾರ್ಡು, ಶಿಕ್ಷಕರ ಕೈಯಲ್ಲಿ ಒಂದು ಫೋನು. ಮಕ್ಕಳು ಉತ್ತರಕ್ಕೆ ತಕ್ಕಂತೆ ಕಾರ್ಡನ್ನು ತಿರುಗಿಸಿ ಹಿಡಿಯುತ್ತಾರೆ, ಫೋನಿನ ಕ್ಯಾಮೆರಾ ತರಗತಿಯ ಮೇಲೆ ಹಾಯಿಸಿದರೆ ಎಣಿಕೆ ಬಂದುಬಿಡುತ್ತದೆ.

ಈಗ ತರಬೇತಿಯ ಆಕಾರದ ಮಾತು. ಎರಡು ದಿನದ ಶಿಬಿರದ ಬದಲು ವಾರಕ್ಕೊಂದು ಪೀರಿಯಡ್ ಕೊಡಿ. ವೇಳಾಪಟ್ಟಿಯಲ್ಲೇ ಬರೆದು ಕೊಡಿ. ರಜಾದಿನ ಕರೆಸಬೇಡಿ, ಸಂಜೆ ಕೂರಿಸಬೇಡಿ. ಸಮಯ ಕೊಡದೆ ಹೊಸದನ್ನು ಕೇಳುವುದು ಅನ್ಯಾಯ, ಅಲ್ವಾ? ಒಂದೇ ವಿಷಯದ ಅಥವಾ ಹತ್ತಿರದ ವಿಷಯದ ಮೂರು-ನಾಲ್ಕು ಶಿಕ್ಷಕರು ಸೇರಲಿ. ಮೊದಲ ವಾರ ಎಡವುವ ಜಾಗ ಒಂದನ್ನು ಆರಿಸಿ, ಅದಕ್ಕೆ ಪಾಠ ಕಟ್ಟಲಿ. ಎರಡನೇ ವಾರ ಒಬ್ಬರು ಎಂಟು ನಿಮಿಷ ಪಾಠ ಮಾಡಲಿ, ಉಳಿದವರು ಮಕ್ಕಳಾಗಿ ಕೂರಲಿ. ಮೂರನೇ ವಾರ ಅದೇ ಪಾಠ ನಿಜವಾದ ತರಗತಿಯಲ್ಲಿ ನಡೆಯಲಿ, ಒಬ್ಬ ಸಹೋದ್ಯೋಗಿ ಹಿಂದಿನ ಬೆಂಚಿನಲ್ಲಿ ಕೂತಿರಲಿ. ನಾಲ್ಕನೇ ವಾರ ಮಾತುಕತೆ, ತಿದ್ದುಪಡಿ. ಆಮೇಲೆ ಇನ್ನೊಬ್ಬರ ಸರದಿ. ಒಂದು ಶೈಕ್ಷಣಿಕ ವರ್ಷದಲ್ಲಿ ಒಬ್ಬ ಶಿಕ್ಷಕರು ಎರಡು ಪಾಠ ಹೀಗೆ ಗಟ್ಟಿ ಮಾಡಿಕೊಂಡರೆ ಬೇಕಾದಷ್ಟಾಯಿತು. 'ಬರೀ ಎರಡಾ?' ಅನ್ನಿಸಬಹುದು. ಮೂರು ತರಬೇತಿಯ ನಂತರ ನಿಮ್ಮಲ್ಲಿ ಉಳಿದ ಪಾಠ ಎಷ್ಟು ಅಂತ ಲೆಕ್ಕ ಹಾಕಿ ನೋಡಿ.

ಎಂಟು ನಿಮಿಷದ ಪಾಠದಲ್ಲಿ ನನ್ನದೊಂದು ಕೀಟಲೆ ಇದೆ. ನಡುವೆ ಯಾವಾಗಲೋ ಒಮ್ಮೆ ಎದ್ದು ಹೋಗಿ ಪ್ರೊಜೆಕ್ಟರ್ ಪ್ಲಗ್ ಕಿತ್ತುಬಿಡುತ್ತೇನೆ. ಮೊದಲ ಸಲ ಎಲ್ಲರೂ ಗಾಬರಿಯಾಗುತ್ತಾರೆ. ಒಬ್ಬರು ಕೇಬಲ್ ಅಲ್ಲಾಡಿಸುತ್ತಾರೆ, ಒಬ್ಬರು ನನ್ನತ್ತ ಕೋಪದಿಂದ ನೋಡುತ್ತಾರೆ, ಪಾಠ ನಿಂತೇ ಹೋಗುತ್ತದೆ. ಎರಡನೇ ಸಲ ಅದೇ ಶಿಕ್ಷಕರು 'ಸರಿ, ಪರದೆ ಇಲ್ಲ. ಈಗ ಏನಾಗಬಹುದು ಅಂತ ನೋಟ್‌ಬುಕ್‌ನಲ್ಲಿ ಬರೀರಿ' ಅಂತ ಸಲೀಸಾಗಿ ಮುಂದುವರಿಯುತ್ತಾರೆ. ಅವರ ಮುಖದಲ್ಲಿ ಆ ಧೈರ್ಯ ನೋಡಬೇಕು. ಎಷ್ಟೋ ಶಿಕ್ಷಕರು ಡಿಜಿಟಲ್ ಸಾಧನದಿಂದ ದೂರ ಇರುವುದು ಅದು ಬರುವುದಿಲ್ಲ ಅಂತಲ್ಲ. ನಲವತ್ತು ಮಕ್ಕಳ ಮುಂದೆ ಅದು ಕೈಕೊಟ್ಟರೆ ಮುಖ ಎಲ್ಲಿಡುವುದು ಅಂತ. ಆ ಅವಮಾನ ಸಹೋದ್ಯೋಗಿಗಳ ಮುಂದೆ, ನಗುತ್ತಾ, ಮೊದಲೇ ಒಂದು ಸಲ ಆಗಿಹೋದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಹಿಂದಿನ ಬೆಂಚಿನಲ್ಲಿ ಕೂರುವವರ ಬಗ್ಗೆಯೂ ಹೇಳಬೇಕು. ತರಬೇತಿ ಪಡೆದ ಶಿಕ್ಷಕರು ಅದನ್ನು ತರಗತಿಗೆ ತರಬೇಕಾದರೆ ಅಲ್ಲಿ ಜೊತೆಗೊಬ್ಬರು ಬೇಕು ಅಂತ ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ ಎಂಬ ಸಂಶೋಧಕರು 1980ರ ದಶಕದಿಂದಲೇ ಹೇಳುತ್ತಾ ಬಂದರು. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು ಶಿಕ್ಷಕರಿಗೆ ಹೀಗೆ ಜೊತೆಗಿದ್ದು ನೆರವಾಗುವುದರ ಬಗೆಗಿನ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾಠ ಮಾಡುವ ರೀತಿಯೂ ಸುಧಾರಿಸಿತ್ತು, ಮಕ್ಕಳ ಕಲಿಕೆಯೂ. ಜೊತೆಗೆ ಇನ್ನೊಂದು ಅಂಶ ಕಂಡಿತು. ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಸಣ್ಣದಾಗುತ್ತಿತ್ತು. ಹದಿನಾಲ್ಕೇ ಶಿಕ್ಷಕರು ಅಂತ ನೀವು ಬೇಸರ ಮಾಡಿಕೊಳ್ಳಬೇಕಾಗಿಲ್ಲ, ಈ ಕೆಲಸಕ್ಕೆ ಅದೇ ಹದವಾದ ಸಂಖ್ಯೆ.

ಹಿಂದೆ ಕೂತವರು ತಪಾಸಣೆಗೆ ಬಂದವರಲ್ಲ. ದಯವಿಟ್ಟು ನೀವು, ಅಂದರೆ ಮುಖ್ಯ ಶಿಕ್ಷಕಿ, ಮೊದಲ ಕೆಲವು ತಿಂಗಳು ಅಲ್ಲಿ ಕೂರಬೇಡಿ. ನೀವು ಕೂತರೆ ಅದು ಪರೀಕ್ಷೆಯಾಗುತ್ತದೆ. ಬದಲಿಗೆ ನೀವೇ ಒಂದು ಪಾಠ ಮಾಡಿ, ಬೇರೆಯವರನ್ನು ಹಿಂದೆ ಕೂರಿಸಿ. ತಪ್ಪಾದರೆ ಇನ್ನೂ ಒಳ್ಳೆಯದು. ಕೂತವರ ಕೈಯಲ್ಲಿ ಒಂದು ಹಾಳೆ ಸಾಕು. ಅದರಲ್ಲಿ ಮೂರು ವಿಷಯ ಬರೆಯಲಿ: ಯಂತ್ರ ಹೊಂದಿಸಲು ಎಷ್ಟು ನಿಮಿಷ ಹೋಯಿತು, ಮಕ್ಕಳು ಎಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದರು, ಎಷ್ಟು ಹೊತ್ತು ಬರೆಯುತ್ತಾ, ಮಾತಾಡುತ್ತಾ, ಯೋಚಿಸುತ್ತಾ ಇದ್ದರು. ಒಮ್ಮೆ ನಾನು ಹೀಗೆ ಕೂತಿದ್ದ ನಲವತ್ತು ನಿಮಿಷದ ತರಗತಿಯಲ್ಲಿ ಹದಿಮೂರು ನಿಮಿಷ ಕೇಬಲ್‌ಗೇ ಹೋಯಿತು. ಶಿಕ್ಷಕರಿಗೆ ಅದು ನಾಲ್ಕೈದು ನಿಮಿಷ ಅನ್ನಿಸಿತ್ತಂತೆ. ಅಂಕಿ ನೋಡಿ ಅವರೇ ದಂಗಾದರು, ನಾನು ಬಾಯಿ ಬಿಡಬೇಕಾಗಲೇ ಇಲ್ಲ. ಪಾಠದ ನಂತರ ಮಾತಾಡುವಾಗ ಒಂದೇ ಒಂದು ಬದಲಾವಣೆ ಸೂಚಿಸಿ. ಏಳು ಸಲಹೆ ಕೊಟ್ಟರೆ ಒಂದೂ ಉಳಿಯುವುದಿಲ್ಲ.

ಕೇಬಲ್ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಪ್ರೊಜೆಕ್ಟರ್‌ನ ಪಕ್ಕದಲ್ಲೇ ಸರಿಯಾದ ಕೇಬಲ್, ಅಡಾಪ್ಟರ್, ಎಕ್ಸ್‌ಟೆನ್ಶನ್ ಬೋರ್ಡ್ ಒಂದು ಡಬ್ಬಿಯಲ್ಲಿ ಇರಲಿ, ಡಬ್ಬಿ ಅಲ್ಲಿಂದ ಅಲ್ಲಾಡಬಾರದು. ಪ್ರತಿ ತರಗತಿಯಿಂದ ಇಬ್ಬರು ಮಕ್ಕಳಿಗೆ ಜೋಡಿಸುವ ಕೆಲಸ ವಹಿಸಿ. ಮಕ್ಕಳು ಕೇಬಲ್ ನೋಡಿಕೊಂಡರೆ ಶಿಕ್ಷಕರು ಪಾಠ ನೋಡಿಕೊಳ್ಳಬಹುದು. ಇಂಟರ್‌ನೆಟ್ ಇಲ್ಲವೇ ಇಲ್ಲ ಅಂತ ಇಟ್ಟುಕೊಂಡೇ ಪಾಠ ಯೋಜಿಸಿ. ಫೆಟ್ ಸಿಮ್ಯುಲೇಶನ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು, ಜಿಯೋಜೀಬ್ರಾ ನೆಟ್ ಇಲ್ಲದೆಯೂ ನಡೆಯುತ್ತದೆ. 'ಕೊಲಿಬ್ರಿ' ಅನ್ನುವ ಉಚಿತ ತಂತ್ರಾಂಶ ಇರುವುದೇ ನೆಟ್ ಇಲ್ಲದ ಶಾಲೆಗಳಿಗಾಗಿ. ಇಪ್ಪತ್ತು ಟ್ಯಾಬ್‌ಗಳನ್ನು ಮಗುವಿಗೊಂದು ಅಂತ ಹಂಚಲು ಹೋಗಬೇಡಿ. ಇಬ್ಬರಿಗೊಂದು ಕೊಟ್ಟರೆ ಮಾತು ಹುಟ್ಟುತ್ತದೆ. ಐದು ನಿಮಿಷಕ್ಕೊಮ್ಮೆ ಒತ್ತುವ ಕೈ ಬದಲಾಗಲಿ, ಇಲ್ಲದಿದ್ದರೆ ಜೋರಿನ ಮಗುವೇ ಕೊನೆಯವರೆಗೂ ಹಿಡಿದಿರುತ್ತದೆ. ಶಿಕ್ಷಕರು ಮಾತಾಡುವಾಗ ಟ್ಯಾಬ್ ಬೋರಲು ಮಲಗಿರಬೇಕು. ಇದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ.

ವಿಡಿಯೊ ಹಾಕಿ ಕೂರುವ ನಿಮ್ಮ ಶಿಕ್ಷಕರನ್ನು ಬಯ್ಯಬೇಡಿ. ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಅಷ್ಟೂ ಮಾಡುತ್ತಿಲ್ಲ. ಅವರ ಕೈಗೆ ಮೂರು ಅಭ್ಯಾಸ ಹತ್ತಿಸಿ. ವಿಡಿಯೊಕ್ಕೆ ಮುಂಚೆ ಬೋರ್ಡಿನ ಮೇಲೆ ಒಂದು ಪ್ರಶ್ನೆ ಇರಲಿ. ಎರಡು-ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ 'ಮುಂದೇನು?' ಅಂತ ಕೇಳಲಿ. ಒಮ್ಮೆಯಾದರೂ ದನಿ ಮುಚ್ಚಿ, ಚಿತ್ರಕ್ಕೆ ಮಕ್ಕಳಿಂದಲೇ ವಿವರಣೆ ಹೇಳಿಸಲಿ. ಈ ಮೂರನೆಯದು ನನ್ನ ಮೆಚ್ಚಿನದು. ಅರ್ಥವಾಗಿದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಬೇಗದ ದಾರಿ ನನಗೆ ಗೊತ್ತಿಲ್ಲ. ಸ್ಲೈಡು ಮಾಡುವವರಿಗೂ ಒಂದು ಮಾತು. ಪರದೆಯ ಮೇಲಿನ ಸಾಲುಗಳನ್ನೇ ಗಟ್ಟಿಯಾಗಿ ಓದಿದರೆ ಕಲಿಕೆ ಹೆಚ್ಚುವುದಿಲ್ಲ, ಕುಗ್ಗಬಹುದು. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಜೊತೆಗಾರರು ಇದನ್ನು ಎಷ್ಟೋ ಪ್ರಯೋಗಗಳಲ್ಲಿ ನೋಡಿದ್ದಾರೆ. ಚಿತ್ರ ಮತ್ತು ಮಾತು ಇದ್ದರೆ ಸಾಕು, ಅದೇ ಮಾತನ್ನು ಅಕ್ಷರದಲ್ಲೂ ಹಾಕಿದರೆ ಗಮನ ಒಡೆಯುತ್ತದೆ. ಪಾಠದ ಭಾಷೆ ಮಗುವಿನ ಮನೆಮಾತಲ್ಲದಿದ್ದರೆ ಮುಖ್ಯ ಪದಗಳು ಪರದೆಯ ಮೇಲಿರುವುದು ಒಳ್ಳೆಯದು. ಪದಗಳು ಮಾತ್ರ, ಪುಟಗಟ್ಟಲೆ ಅಲ್ಲ.

ಪ್ರಮಾಣಪತ್ರ, ಮಾನದಂಡ ಎಲ್ಲ ಬೇಡವೇ ಅಂತ ಕೇಳಬಹುದು. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ, ಶಿಕ್ಷಕರ ಡಿಜಿಟಲ್ ಕೌಶಲಗಳ ಚೌಕಟ್ಟಿನಲ್ಲಿ 18 ಸಾಮರ್ಥ್ಯಗಳಿವೆ, ಯುರೋಪಿನ 2017ರ 'ಡಿಜ್‌ಕಾಂಪ್‌ಎಜು'ನಲ್ಲಿ 22. ವರ್ಷಕ್ಕೊಮ್ಮೆ ತೆಗೆದು ನಾವು ಎಲ್ಲಿದ್ದೇವೆ ಅಂತ ನೋಡಿಕೊಳ್ಳಲು ಅವು ಚೆನ್ನ. 22 ಸಾಮರ್ಥ್ಯಕ್ಕೆ 22 ತರಗತಿ ಅಂತ ಪಟ್ಟಿ ಹಾಕಿ ಕೂತರೆ ಮತ್ತೆ ಹಾಲ್‌ಗೇ ವಾಪಸ್.

ಕೃತಕ ಬುದ್ಧಿಮತ್ತೆಯ ಬಗ್ಗೆ ನೀವು ಕೇಳಿಲ್ಲ, ಶಿಕ್ಷಕರು ಕೇಳಿಯೇ ಕೇಳುತ್ತಾರೆ. ಪಾಠಕ್ಕೆ ಬೇಕಾದ ಪ್ರಶ್ನೆಗಳನ್ನು, ಸಾಮಾನ್ಯವಾಗಿ ಮಕ್ಕಳು ಕೊಡುವ ತಪ್ಪು ಉತ್ತರಗಳನ್ನು ಚಾಟ್‌ಬಾಟ್‌ನಿಂದ ಬರೆಸಿಕೊಳ್ಳುವುದು ಒಳ್ಳೆಯ ಆರಂಭ. ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಹಾಗಾಗಿ ತರಬೇತಿಯಲ್ಲಿ ಅದು ಕೊಟ್ಟ ಹತ್ತು ಪ್ರಶ್ನೆ ಇಟ್ಟುಕೊಂಡು ಕೆಟ್ಟವು ಯಾವುವು ಅಂತ ಹುಡುಕುವ ಆಟ ಆಡಿಸಿ. ಮಕ್ಕಳ ಹೆಸರು, ಅಂಕ, ಫೋಟೊ ಅದಕ್ಕೂ ಬೇಡ, ಬೇರೆ ಯಾವ ಉಚಿತ ಆ್ಯಪ್‌ಗೂ ಬೇಡ. ಹೆಸರಿನ ಜಾಗದಲ್ಲಿ ಕ್ರಮಸಂಖ್ಯೆ ಹಾಕಿದರೂ ಹೆಚ್ಚಿನ ಆ್ಯಪ್‌ಗಳು ನಡೆಯುತ್ತವೆ.

ಇದೆಲ್ಲ ಫಲ ಕೊಡುತ್ತಿದೆಯೇ ಅಂತ ತಿಳಿಯುವುದು ಹೇಗೆ? ಪ್ರೊಜೆಕ್ಟರ್ ಎಷ್ಟು ಗಂಟೆ ಓಡಿತು ಅಂತ ರಿಜಿಸ್ಟರ್ ಇಡಬೇಡಿ. ಇಟ್ಟರೆ ಅದು ಓಡುತ್ತದೆ, ಅಷ್ಟೇ. ಚೀಟಿಯಲ್ಲಿ ಬರೆದ ಎಡವುವ ಜಾಗಗಳಿವೆಯಲ್ಲ, ಅವಕ್ಕೆ ಒಂದೊಂದು ಸಣ್ಣ ಪ್ರಶ್ನೆ ಮಾಡಿಟ್ಟುಕೊಳ್ಳಿ. ಪಾಠದ ದಿನ ಕೇಳಿ, ಮೂರು ವಾರ ಬಿಟ್ಟು ಮತ್ತೆ ಕೇಳಿ. ಮೂರು ವಾರದ ನಂತರವೂ 'ಮೊದಲ ಬಲ್ಬು ಕರೆಂಟು ತಿಂದುಬಿಡ್ತು' ಅನ್ನುವವರು ಅಷ್ಟೇ ಇದ್ದರೆ ಪಾಠ ಬದಲಿಸಿ. ಶಿಕ್ಷಕರನ್ನು ಕರೆದು ಕಾರಣ ಕೇಳಬೇಡಿ.

ಇನ್ನು ಗಣಿತ ಮೇಷ್ಟ್ರು. ಅವರ ಕೈಗೆ ಮೊದಲ ತಿಂಗಳು ಏನೂ ಕೊಡಬೇಡಿ. ಎಡವುವ ಜಾಗಗಳ ಚೀಟಿ ಮೊದಲು ಅವರ ಹತ್ತಿರವೇ ತುಂಬಿಸಿ, ಮಿಕ್ಕವರೆಲ್ಲ ಸೇರಿ ಬರೆಯುವುದಕ್ಕಿಂತ ಜಾಸ್ತಿ ಅವರಿಗೆ ಗೊತ್ತಿರುತ್ತದೆ. ಅವರನ್ನೂ, ಯಂತ್ರ ಚೆನ್ನಾಗಿ ಬಲ್ಲ ಕಿರಿಯ ಶಿಕ್ಷಕರೊಬ್ಬರನ್ನೂ ಒಂದು ಜೋಡಿ ಮಾಡಿ. ಪ್ರಶ್ನೆ ಮೇಷ್ಟ್ರದು, ಕೇಬಲ್ ಕಿರಿಯರದು. ಮಕ್ಕಳು ಲೆಕ್ಕ ಮಾಡುತ್ತಿರುವಾಗ ಕಿರಿಯರು ಸದ್ದಿಲ್ಲದೆ ಎರಡು ನೋಟ್‌ಬುಕ್‌ನ ಫೋಟೊ ಫೋನಿನಲ್ಲಿ ತೆಗೆಯಲಿ. ಒಂದು ಸರಿ ಇರಲಿ, ಇನ್ನೊಂದು ನಡುವಿನ ಹೆಜ್ಜೆಯಲ್ಲಿ ತಪ್ಪಿರಲಿ. ಹೆಸರು ಕಾಣದಂತೆ ಪರದೆಯ ಮೇಲೆ ಅಕ್ಕಪಕ್ಕ ಹಾಕಿ ಮೇಷ್ಟ್ರಿಗೆ ಬಿಟ್ಟುಬಿಡಲಿ. ಬೋರ್ಡಿನ ಮೇಲೆ ಆ ತಪ್ಪು ಲೆಕ್ಕವನ್ನು ಪೂರ್ತಿ ಬರೆದು ತೋರಿಸಲು ಅವರಿಗೆ ಆರೇಳು ನಿಮಿಷ ಬೇಕು, ಇಲ್ಲಿ ಮಗುವಿನ ಕೈಬರಹದಲ್ಲೇ ಕ್ಷಣದಲ್ಲಿ ಕಾಣುತ್ತದೆ. ಅವರು ಸೀಮೆಸುಣ್ಣ ಕೆಳಗಿಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಬಿಳಿ ಬೋರ್ಡಿನ ಬದಲು ಅವರ ಕರಿಹಲಗೆಯ ಪಕ್ಕದ ಗೋಡೆಗೇ ಪ್ರೊಜೆಕ್ಟರ್ ತಿರುಗಿಸಿ. ಬಲಗಡೆ ಮಗುವಿನ ಲೆಕ್ಕ, ಎಡಗಡೆ ಅವರ ಸೀಮೆಸುಣ್ಣ. ಎರಡು-ಮೂರು ಸಲ ಹೀಗಾದ ಮೇಲೆ, ಯಾವ ನೋಟ್‌ಬುಕ್‌ನ ಫೋಟೊ ತೆಗೆಯಬೇಕು ಅನ್ನುವುದನ್ನು ಅವರೇ ಹೇಳತೊಡಗುತ್ತಾರೆ. ಆ ದಿನ ಬಂದಾಗ ಫೋನನ್ನು ಅವರ ಕೈಗೆ ಕೊಡಿ.